ನೂರು ಡಾಲರಿಗೆ ಬರುವುದು ಯಾವ ಬಂದೂಕು?

1974ರಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದ ಪೊಲೀಸ್ ಕಮಿಷನರ್ ಡೊನಾಲ್ಡ್ ಪೊಮರ್ಲೊ ಊರಿಗೆಲ್ಲ ಒಂದು ಮಾತು ಸಾರಿದರು: ಬಂದೂಕು ತಂದು ಒಪ್ಪಿಸಿ, ಒಂದಕ್ಕೆ 50 ಡಾಲರ್ ತೆಗೆದುಕೊಂಡು ಹೋಗಿ. ಜನ ಸಾಲುಗಟ್ಟಿದರು. ಸುಮಾರು 13,500 ಬಂದೂಕು ಬಂದು ಬಿದ್ದವು, ಆರೂವರೆ ಲಕ್ಷ ಡಾಲರಿಗೂ ಹೆಚ್ಚು ಖರ್ಚಾಯಿತು, ಹಣ ತೀರಿತು, ಯೋಜನೆ ನಿಂತಿತು. ಅದು ನಡೆದ ಎರಡು ತಿಂಗಳಲ್ಲೇ ನಗರದಲ್ಲಿ ಬಂದೂಕಿನಿಂದಾದ ಕೊಲೆಗಳು ಹತ್ತಿರ ಹತ್ತಿರ ಒಂದೂವರೆ ಪಟ್ಟಾದವು, ಬಂದೂಕು ಹಿಡಿದು ನಡೆಸಿದ ಹಲ್ಲೆಗಳು ಎರಡು ಪಟ್ಟನ್ನೂ ದಾಟಿದವು.

ಬಂದೂಕು ಕೊಂಡಿದ್ದರಿಂದಲೇ ಕೊಲೆ ಹೆಚ್ಚಿತು ಎಂದು ಯಾರೂ ಸಾಧಿಸಲಿಲ್ಲ, ಸಾಧಿಸುವುದು ಸಾಧ್ಯವೂ ಇರಲಿಲ್ಲ. ಆದರೆ ಒಂದು ಪ್ರಶ್ನೆ ಅಂದೇ ಎದ್ದಿತು. 13,500 ಬಂದೂಕು ಊರಿಂದ ಹೋದರೂ ಏನೂ ಕಡಿಮೆಯಾಗದಿದ್ದರೆ, ಹೋದದ್ದು ಯಾವ ಬಂದೂಕು? ಹೀಗೆ ಹಣ ಕೊಟ್ಟು ಜನರಿಂದ ಬಂದೂಕು ಪಡೆಯುವ ‘ಗನ್ ಬೈಬ್ಯಾಕ್’ ಯೋಜನೆಗಳ ಮೇಲಿನ ಅನುಮಾನದ ಐವತ್ತು ವರ್ಷದ ಚರಿತ್ರೆಯೆಲ್ಲ ಈ ಒಂದು ಪ್ರಶ್ನೆಯ ಸುತ್ತಲೇ ಇದೆ. ಆ ಅನುಮಾನ ಬಂದೂಕು ಪರ ಸಂಘಟನೆಗಳದ್ದು ಮಾತ್ರ ಎಂದುಕೊಂಡರೆ ತಪ್ಪಾಗುತ್ತದೆ. ಗಟ್ಟಿಯಾದ ಆಕ್ಷೇಪಗಳು ಬಂದದ್ದು ಸಾರ್ವಜನಿಕ ಆರೋಗ್ಯ ಮತ್ತು ಅಪರಾಧಶಾಸ್ತ್ರದ ಸಂಶೋಧಕರಿಂದ.

ನಮ್ಮಲ್ಲಿ ಕೋವಿ ಇಟ್ಟುಕೊಳ್ಳಲು ಲೈಸೆನ್ಸ್ ಬೇಕು, ಆ ಪುಸ್ತಕದಲ್ಲಿ ಕೋವಿಯ ನಂಬರ್ ಇರುತ್ತದೆ, ಚುನಾವಣೆ ಬಂತೆಂದರೆ ಠಾಣೆಯಲ್ಲಿ ಇಟ್ಟು ಬನ್ನಿ ಎಂಬ ಆದೇಶ ಹೊರಡುತ್ತದೆ. ಅಮೆರಿಕದ ಬಹುತೇಕ ಕಡೆ ಇದಾವುದೂ ಇಲ್ಲ. ಯಾರ ಬಳಿ ಯಾವ ಬಂದೂಕಿದೆ ಎಂಬ ರಾಷ್ಟ್ರೀಯ ಪಟ್ಟಿ ಮಾಡುವುದನ್ನೇ 1986ರ ಕಾನೂನು ನಿಷೇಧಿಸಿದೆ. ಕಸಿದುಕೊಳ್ಳುವ ಅಧಿಕಾರ ನಗರಸಭೆಗಿಲ್ಲ, ಕಠಿಣ ಕಾನೂನು ಮಾಡೋಣವೆಂದರೆ ಬಹುತೇಕ ರಾಜ್ಯಗಳು ಆ ಅಧಿಕಾರವನ್ನು ತಮ್ಮಲ್ಲೇ ಇಟ್ಟುಕೊಂಡಿವೆ. ಒಂದು ವಾರದಲ್ಲಿ ಊರಲ್ಲಿ ನಾಲ್ಕು ಕೊಲೆಯಾಗಿ ಪತ್ರಕರ್ತರು ಮೇಯರ್ ಬಾಗಿಲಿಗೆ ಬಂದಾಗ, ಕೈಯಲ್ಲಿ ಉಳಿಯುವುದು ದುಡ್ಡು ಕೊಟ್ಟು ಕೇಳುವ ದಾರಿಯೊಂದೇ. ಮರುದಿನದ ಪತ್ರಿಕೆಗೆ ಮೇಜಿನ ತುಂಬ ಪೇರಿಸಿದ ಬಂದೂಕುಗಳ ಫೋಟೋ ಸಿಗುತ್ತದೆ ಎನ್ನುವುದೂ ಸಣ್ಣ ಲಾಭವೇನಲ್ಲ.

ಕಾರ್ಯಕ್ರಮ ನಡೆಯುವ ಕ್ರಮ ಹೆಚ್ಚುಕಡಿಮೆ ಎಲ್ಲೆಡೆ ಒಂದೇ. ಶನಿವಾರ ಬೆಳಿಗ್ಗೆ, ಒಂದು ಚರ್ಚಿನ ಪಾರ್ಕಿಂಗ್ ಜಾಗ. ಬಂದೂಕಿನಿಂದ ತೋಟಾ ತೆಗೆದು, ಡಬ್ಬಿಯಲ್ಲೋ ಚೀಲದಲ್ಲೋ ಹಾಕಿ, ಕಾರಿನ ಡಿಕ್ಕಿಯಲ್ಲಿಟ್ಟು ತರಬೇಕು. ಕಾರಿನಿಂದ ಇಳಿಯುವಂತಿಲ್ಲ. ಪೊಲೀಸರೇ ಡಿಕ್ಕಿ ತೆರೆದು, ಬಂದೂಕು ಹೊರತೆಗೆದು, ಒಳಗೆ ಗುಂಡು ಉಳಿದಿಲ್ಲವೆಂದು ನೋಡಿ, ಯಾವ ಬಗೆಯದ್ದೆಂದು ಗುರುತು ಹಾಕುತ್ತಾರೆ. ಹೆಸರು, ಗುರುತಿನ ಚೀಟಿ ಸಾಮಾನ್ಯವಾಗಿ ಕೇಳುವುದಿಲ್ಲ. ಕೈಗೆ ಬರುವುದು ಹೆಚ್ಚಾಗಿ ನಗದಲ್ಲ, ದಿನಸಿ ಅಂಗಡಿಯ ಗಿಫ್ಟ್ ಕಾರ್ಡ್. ಸೀರಿಯಲ್ ನಂಬರನ್ನು ಕಳವಾದ ಬಂದೂಕುಗಳ ಪಟ್ಟಿಯೊಂದಿಗೆ ತಾಳೆ ನೋಡುವುದು ಆಮೇಲೆ. ಕದ್ದ ಮಾಲಾಗಿದ್ದರೆ ಅದು ಮೂಲ ಮಾಲೀಕನಿಗೆ ವಾಪಸು ಹೋಗಬೇಕು, ಉಳಿದದ್ದು ನಾಶಕ್ಕೆ. ಮಧ್ಯಾಹ್ನದ ಹೊತ್ತಿಗೆ ಕಾರ್ಡುಗಳು ಮುಗಿದು, ಸಾಲಿನ ಕೊನೆಯಲ್ಲಿದ್ದವರು ಬರಿಗೈಯಲ್ಲಿ ಹೋಗುವುದು ಎಷ್ಟೋ ಊರುಗಳಲ್ಲಿ ಕಂಡ ದೃಶ್ಯ.

ದೋಷ ಇರುವುದು ಈ ವ್ಯವಸ್ಥೆಯಲ್ಲಲ್ಲ, ದರಪಟ್ಟಿಯಲ್ಲಿ. ಯಾವುದೇ ಪಿಸ್ತೂಲಿಗೆ 100 ಡಾಲರ್ ಎಂದು ಒಂದೇ ದರ ಕಟ್ಟಿದಿರಿ ಎನ್ನೋಣ. ಚೆನ್ನಾಗಿ ಕೆಲಸ ಮಾಡುವ 9 ಎಂಎಂ ಪಿಸ್ತೂಲು ಗಿರವಿ ಅಂಗಡಿಯಲ್ಲೇ ಅದರ ಎರಡು ಮೂರು ಪಟ್ಟು ತರುತ್ತದೆ, ಅದನ್ನು ಇಲ್ಲಿಗೆ ಯಾರು ತಂದಾರು? ಅಟ್ಟದ ಮೇಲೆ ತುಕ್ಕು ಹಿಡಿದ ಅಜ್ಜನ ಕಾಲದ ರಿವಾಲ್ವರಿಗೆ ಅಂಗಡಿಯವನು 30 ಡಾಲರನ್ನೂ ಕೊಡಲಾರ. ಅದಕ್ಕೆ 100 ಡಾಲರ್ ಎಂದರೆ ಅದೇ ಬರುತ್ತದೆ. ದರ ಏರಿಸಿದರೆ ಒಳ್ಳೆಯ ಬಂದೂಕೂ ಒಂದಷ್ಟು ಬರಬಹುದು, ಜೊತೆಗೆ ವ್ಯಾಪಾರಿಗಳೂ ಬರುತ್ತಾರೆ. 2008ರ ಫೆಬ್ರವರಿಯಲ್ಲಿ ಕ್ಯಾಲಿಫೋರ್ನಿಯಾದ ಓಕ್ಲೆಂಡ್ ನಗರ ಬಂದೂಕಿಗೆ 250 ಡಾಲರ್ ಎಂದು ಸಾರಿ ಇದನ್ನು ಕಂಡುಕೊಂಡಿತು. ತಂದಿದ್ದ ನಗದು ಬೇಗ ಖಾಲಿಯಾಯಿತು, ಕೊನೆಗೆ ಪೊಲೀಸರು ‘ಆಮೇಲೆ ಕೊಡುತ್ತೇವೆ’ ಎಂಬ ಚೀಟಿ ಬರೆದುಕೊಡಬೇಕಾಯಿತು. ಸಾಲಿನ ಮುಂದೆ ನಿಂತಿದ್ದವರಲ್ಲಿ ಪಕ್ಕದ ನೆವಾಡಾ ರಾಜ್ಯದಿಂದ ಅಗ್ಗದ ಪಿಸ್ತೂಲುಗಳನ್ನು ಕಾರಿಗೆ ತುಂಬಿಕೊಂಡು ಬಂದ ಬಂದೂಕು ವ್ಯಾಪಾರಿಗಳೂ ಇದ್ದರು.

ಈ ತರ್ಕಕ್ಕೆ ಅಂಕಿಅಂಶದ ಬೆಂಬಲ 1990ರ ದಶಕದಲ್ಲಿ ದೊರೆಯಿತು. 1992ರಲ್ಲಿ ಸಿಯಾಟಲ್ ನಗರ ಒಂದಕ್ಕೆ 50 ಡಾಲರಿನಂತೆ 1,172 ಬಂದೂಕು ಕೊಂಡಿತು. ಅದರ ಬೆನ್ನಿಗೆ ನಡೆದ ಅಧ್ಯಯನದ ಪ್ರಕಾರ ತಂದವರ ಸರಾಸರಿ ವಯಸ್ಸು 51, ಅರ್ಧಕ್ಕಿಂತ ಹೆಚ್ಚು ಜನರ ಮನೆಯಲ್ಲಿ ಇನ್ನೊಂದು ಬಂದೂಕು ಹಾಗೇ ಇತ್ತು. ಬೀದಿಯಲ್ಲಿ ಗುಂಡು ಹಾರಿಸುವವರು ಹೆಚ್ಚಾಗಿ ಇವರಿಗಿಂತ ತೀರಾ ಚಿಕ್ಕವರು. 1991ರಲ್ಲಿ ಸೇಂಟ್ ಲೂಯಿಸ್ ಏಳು ಸಾವಿರಕ್ಕೂ ಹೆಚ್ಚು ಬಂದೂಕು ಸಂಗ್ರಹಿಸಿತು. ಅಪರಾಧಶಾಸ್ತ್ರಜ್ಞ ರಿಚರ್ಡ್ ರೋಸನ್‌ಫೆಲ್ಡ್ ಲೆಕ್ಕ ಹಾಕಿದಾಗ ಕೊಲೆಯಲ್ಲಾಗಲಿ ಹಲ್ಲೆಯಲ್ಲಾಗಲಿ ಇಳಿತ ಕಾಣಲಿಲ್ಲ. ಮಿಲ್ವಾಕಿಯಲ್ಲಿ ಸಂಶೋಧಕರು ಇನ್ನೂ ನೇರವಾದ ಕೆಲಸ ಮಾಡಿದರು: 1994ರಿಂದ 1996ರವರೆಗೆ ಜನ ಒಪ್ಪಿಸಿದ ಪಿಸ್ತೂಲುಗಳನ್ನು ಅದೇ ಕಾಲದಲ್ಲಿ ಕೊಲೆಗೆ ಬಳಕೆಯಾದ ಪಿಸ್ತೂಲುಗಳ ಪಕ್ಕಕ್ಕಿಟ್ಟು ನೋಡಿದರು. ಒಪ್ಪಿಸಿದವುಗಳಲ್ಲಿ ಹೆಚ್ಚಿನವು .22, .25, .32ರಂಥ ಸಣ್ಣ ಗುಂಡಿನ ಹಳೆಯವು, ಎಷ್ಟೋ ತಯಾರಕರು ಅಂಗಡಿಯನ್ನೇ ಮುಚ್ಚಿದ್ದರು. ಕೊಲೆಯ ಆಯುಧಗಳಲ್ಲಿ ದೊಡ್ಡ ಗುಂಡಿನ ಸೆಮಿ ಆಟೋಮ್ಯಾಟಿಕ್‌ಗಳೇ (ಒಂದು ಗುಂಡು ಹಾರಿದೊಡನೆ ಮುಂದಿನದನ್ನು ತಾವೇ ತುಂಬಿಕೊಳ್ಳುವಂಥವು) ಎದ್ದು ಕಂಡವು. ಎರಡೂ ಬೇರೆ ಬೇರೆ ಮಾಲು.

ಮಾಲು ಬೇರೆಯಾಗಿರದಿದ್ದರೂ ಸಂಖ್ಯೆ ಸಾಲದು. ಸ್ಮಾಲ್ ಆರ್ಮ್ಸ್ ಸರ್ವೆ ಸಂಸ್ಥೆಯ 2018ರ ಅಂದಾಜಿನಂತೆ ಅಮೆರಿಕದ ನಾಗರಿಕರ ಬಳಿ 39.3 ಕೋಟಿ ಬಂದೂಕುಗಳಿವೆ. 2021ರಲ್ಲಿ ಗುಂಡಿನಿಂದಾದ ಕೊಲೆಗಳು ಸುಮಾರು 21 ಸಾವಿರ. ಭಾಗಿಸಿ ನೋಡಿ: ಸುಮಾರು 19 ಸಾವಿರ ಬಂದೂಕಿಗೆ ವರ್ಷಕ್ಕೊಂದು ಕೊಲೆ. ಕಣ್ಣುಮುಚ್ಚಿ ಆರಿಸಿದ ಸಾವಿರ ಬಂದೂಕು ನಾಶ ಮಾಡಿದರೆ, ಕಾಗದದ ಮೇಲೆ ತಪ್ಪುವುದು ಇಪ್ಪತ್ತು ವರ್ಷಕ್ಕೊಂದು ಕೊಲೆ. ಬರುವವು ಅಟ್ಟದ ಮೇಲಿನವು ಎಂದರೆ ಅಷ್ಟೂ ಇಲ್ಲ.

ಇಷ್ಟೆಲ್ಲ ಗೊತ್ತಿದ್ದೂ 1999ರ ಸೆಪ್ಟೆಂಬರಿನಲ್ಲಿ ಕ್ಲಿಂಟನ್ ಸರ್ಕಾರ ವಸತಿ ಇಲಾಖೆಯ ಮೂಲಕ ಒಂದೂವರೆ ಕೋಟಿ ಡಾಲರಿನ ‘ಬೈಬ್ಯಾಕ್ ಅಮೆರಿಕ’ ಘೋಷಿಸಿತು. ಸುಮಾರು 20 ಸಾವಿರ ಬಂದೂಕು ಬಂದವು. 2001ರಲ್ಲಿ ಬುಷ್ ಸರ್ಕಾರ ಅದನ್ನು ಮುಚ್ಚಿತು. 2004ರಲ್ಲಿ ನ್ಯಾಷನಲ್ ರಿಸರ್ಚ್ ಕೌನ್ಸಿಲ್‌ನ ವರದಿ ಈ ಯೋಜನೆಗಳ ಹಿಂದಿನ ಸಿದ್ಧಾಂತವೇ ಗಟ್ಟಿಯಿಲ್ಲ ಎಂದು ಬರೆಯಿತು. ಅದು ಕೊಟ್ಟ ಕಾರಣ ಮೂರು: ಅಪರಾಧಕ್ಕೆ ಬಳಕೆಯಾಗುವ ಸಾಧ್ಯತೆ ಕಡಿಮೆಯಿರುವ ಬಂದೂಕೇ ಬರುತ್ತದೆ, ಹೋದದ್ದರ ಜಾಗಕ್ಕೆ ಇನ್ನೊಂದನ್ನು ಕೊಳ್ಳುವುದು ಸುಲಭ, ಯಾವುದೇ ಒಂದು ಬಂದೂಕು ಒಂದು ವರ್ಷದಲ್ಲಿ ಅಪರಾಧಕ್ಕೆ ಬಳಕೆಯಾಗುವ ಸಂಭವವೇ ತೀರಾ ಕಡಿಮೆ. ಸಂಶೋಧಕರ ವಲಯದಲ್ಲಿ ಚರ್ಚೆ ಅಲ್ಲಿಗೇ ಮುಗಿದಂತಿತ್ತು. 2012ರಲ್ಲಿ ಸ್ಯಾಂಡಿ ಹುಕ್ ಶಾಲೆಯ ಹತ್ಯಾಕಾಂಡವಾದ ಮೇಲೆ ಮತ್ತೆ ಊರೂರಲ್ಲಿ ಶುರುವಾಯಿತು. ಲಾಸ್ ಏಂಜಲೀಸ್ ಅದೇ ಡಿಸೆಂಬರ್ 26ರಂದು ಒಂದೇ ದಿನ 2,037 ಬಂದೂಕು ಕೊಂಡಿತು. ರಾಕೆಟ್ ಲಾಂಚರಿನ ಖಾಲಿ ಕೊಳವೆಗಳೂ ಬಂದವು, ಸುದ್ದಿಯಾದದ್ದೂ ಅವೇ. 2021ರಲ್ಲಿ ಮೂವರು ಅರ್ಥಶಾಸ್ತ್ರಜ್ಞರು 1991ರಿಂದ 2015ರವರೆಗೆ 277 ನಗರಗಳಲ್ಲಿ ನಡೆದ 339 ಬೈಬ್ಯಾಕ್‌ಗಳನ್ನು ಒಟ್ಟಿಗೆ ಅಳೆದರು. ಬಂದೂಕು ಅಪರಾಧ ಇಳಿದ ಸುಳಿವು ಅವರಿಗೂ ಸಿಗಲಿಲ್ಲ.

ಅಷ್ಟರಲ್ಲಿ ದರಪಟ್ಟಿಯ ತೂತುಗಳನ್ನು ಹುಡುಕುವವರೂ ನುರಿತಿದ್ದರು. 2012ರಲ್ಲಿ ಶಿಕಾಗೋ ನಗರದ ಬೈಬ್ಯಾಕ್‌ಗೆ ‘ಗನ್ಸ್ ಸೇವ್ ಲೈಫ್’ ಎಂಬ ಬಂದೂಕು ಪರ ಸಂಘಟನೆಯೇ ಕೆಟ್ಟುಹೋದ ಹಳೆಯ ಬಂದೂಕುಗಳನ್ನು ಹೊತ್ತು ಬಂದು, ಆರು ಸಾವಿರ ಡಾಲರಿಗೂ ಹೆಚ್ಚಿನ ಗಿಫ್ಟ್ ಕಾರ್ಡ್ ಪಡೆದು, ಆ ಹಣವನ್ನು ಮಕ್ಕಳ ಗುರಿ ತರಬೇತಿ ಶಿಬಿರಕ್ಕೆ ಬಳಸಿತು. ನಗರದ ಹಣದಲ್ಲೇ ಹೊಸ ಬಂದೂಕು, ಹೊಸ ಗುಂಡು! 2022ರಲ್ಲಿ ತ್ರೀಡಿ ಪ್ರಿಂಟರಿನ ಸರದಿ. ಹ್ಯೂಸ್ಟನ್‌ನಲ್ಲಿ ಕೆಲಸ ಮಾಡದ ಬಂದೂಕಿಗೆ 50 ಡಾಲರ್ ಎಂಬ ಸಾಲು ಪಟ್ಟಿಯಲ್ಲಿತ್ತು. ಒಬ್ಬಾತ ಪ್ಲಾಸ್ಟಿಕ್ಕಿನಲ್ಲಿ ಅಚ್ಚು ಹಾಕಿದ ಅರವತ್ತಕ್ಕೂ ಹೆಚ್ಚು ಬಂದೂಕುಗಳನ್ನು ತಂದು ಸುರಿದ. ಅದಾದ ಮರುತಿಂಗಳು ನ್ಯೂಯಾರ್ಕ್ ರಾಜ್ಯದ ಯೂಟಿಕಾದಲ್ಲಿ ಇನ್ನೊಬ್ಬ ಇದೇ ದಾರಿಯಲ್ಲಿ 21,000 ಡಾಲರಿನ ಕಾರ್ಡುಗಳನ್ನು ಎತ್ತಿಕೊಂಡು ಹೋದ. ಹ್ಯೂಸ್ಟನ್ ಮುಂದಿನ ಬಾರಿಗೆ ಪ್ರಿಂಟ್ ಮಾಡಿದವನ್ನು ಪಟ್ಟಿಯಿಂದ ಹೊರಗಿಟ್ಟಿತು, ನ್ಯೂಯಾರ್ಕ್ ಬೆಲೆ ಕಟ್ಟುವ ವಿವೇಚನೆಯನ್ನು ಸ್ಥಳದಲ್ಲಿದ್ದ ಸಿಬ್ಬಂದಿಗೆ ಬಿಟ್ಟಿತು.

ಗೇಟಿನ ಹೊರಗೆ ಇನ್ನೊಂದು ಸಂತೆ. 2013ರ ಜನವರಿಯಲ್ಲಿ ಸಿಯಾಟಲ್ ಮತ್ತೆ ಬೈಬ್ಯಾಕ್ ಮಾಡಿದಾಗ, ಕಾರುಗಳ ಸಾಲಿನ ಪಕ್ಕದಲ್ಲಿ ಖಾಸಗಿ ಖರೀದಿದಾರರು ನೋಟು ಹಿಡಿದು ನಿಂತರು. ಬೆಲೆ ಬಾಳುವ ಬಂದೂಕು ಕಂಡರೆ ಪೊಲೀಸರಿಗಿಂತ ಹೆಚ್ಚು ಕೊಟ್ಟು ಅಲ್ಲೇ ಕೊಂಡರು. ಆಗ ಅದು ಕಾನೂನುಬದ್ಧ. ಅದೇ ತಿಂಗಳು ಅರಿಜೋನಾದ ಟೂಸಾನ್‌ನಲ್ಲೂ ಹೀಗೇ ಆಯಿತು. ಟೂಸಾನ್ ತಾನು ಕೊಂಡದ್ದನ್ನು ನಾಶ ಮಾಡಿತು. ಅದೇ ವರ್ಷ ಅರಿಜೋನಾ, ನಗರಗಳ ಕೈಗೆ ಬಂದ ಬಂದೂಕನ್ನು ನಾಶ ಮಾಡಕೂಡದು, ಪರವಾನಗಿ ಇರುವ ಡೀಲರುಗಳಿಗೆ ಮಾರಬೇಕು ಎಂದು ಕಾನೂನು ಬಿಗಿ ಮಾಡಿತು. 2017ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಕೂಡ ಟೂಸಾನ್ ವಿರುದ್ಧವೇ ತೀರ್ಪು ಕೊಟ್ಟಿತು. ಇಂಥ ರಾಜ್ಯದಲ್ಲಿ ನಗರಸಭೆಯ ಬೈಬ್ಯಾಕ್ ಎಂದರೆ ಬಂದೂಕು ಅಂಗಡಿಗೆ ಮಾಲು ಒದಗಿಸಿದಂತೆ.

ನಾಶ ಎಂಬುದೂ ಎಲ್ಲೆಡೆ ನಾಶವಲ್ಲ. ಕೇಂದ್ರ ಕಾನೂನಿನ ಕಣ್ಣಿನಲ್ಲಿ ‘ಬಂದೂಕು’ ಎಂದರೆ ಸೀರಿಯಲ್ ನಂಬರ್ ಇರುವ ಫ್ರೇಮ್ ಅಥವಾ ರಿಸೀವರ್, ಅಂದರೆ ಉಳಿದ ಭಾಗಗಳನ್ನೆಲ್ಲ ಹಿಡಿದಿಡುವ ಚೌಕಟ್ಟು. ನಳಿಗೆ, ಸ್ಲೈಡ್, ಟ್ರಿಗರ್, ಸ್ಪ್ರಿಂಗ್‌ಗಳೆಲ್ಲ ಬರೀ ಬಿಡಿಭಾಗ. ಫ್ರೇಮ್ ಒಂದನ್ನು ಪುಡಿ ಮಾಡಿದರೆ ಕಾನೂನಿನ ಮಟ್ಟಿಗೆ ಬಂದೂಕು ನಾಶವಾಯಿತು. ಪೊಲೀಸ್ ಇಲಾಖೆಗಳಿಗೆ ಉಚಿತವಾಗಿ ಬಂದೂಕು ನಾಶ ಮಾಡಿಕೊಡುವ ಕಂಪನಿಗಳು ಉಳಿದ ಭಾಗಗಳನ್ನು ಕಿಟ್ ಮಾಡಿ ಆನ್‌ಲೈನ್‌ನಲ್ಲಿ ಮಾರುತ್ತಿವೆ ಎಂದು 2023ರ ಡಿಸೆಂಬರಿನಲ್ಲಿ ನ್ಯೂಯಾರ್ಕ್ ಟೈಮ್ಸ್ ವರದಿ ಮಾಡಿತು. ಕೊಂಡವನು ಒಂದು ಫ್ರೇಮ್ ಹೊಂದಿಸಿದರೆ ಬಂದೂಕು ಮತ್ತೆ ಸಿದ್ಧ. ಚರ್ಚಿನ ಅಂಗಳದಲ್ಲಿ ಒಪ್ಪಿಸಿ ಬಂದವರಿಗೆ ಇದು ತಿಳಿದಿರಲಿಲ್ಲ. ಮಿಷಿಗನ್ ರಾಜ್ಯ ಪೊಲೀಸರು ಇದಾದ ಮೇಲೆ ಇಡೀ ಬಂದೂಕನ್ನೇ ನಾಶ ಮಾಡುವ ಪದ್ಧತಿಗೆ ಬಂದರು.

ವಾದ ಇಲ್ಲಿಗೆ ಬಂದಾಗ ಆಸ್ಟ್ರೇಲಿಯಾದ ಹೆಸರು ಬಂದೇ ಬರುತ್ತದೆ. 1996ರ ಪೋರ್ಟ್ ಆರ್ಥರ್ ಹತ್ಯಾಕಾಂಡದ ನಂತರ ಅಲ್ಲಿ ಸುಮಾರು ಆರೂವರೆ ಲಕ್ಷ ಬಂದೂಕುಗಳನ್ನು ಸರ್ಕಾರ ಕೊಂಡಿತು. ಆದರೆ ಅದು ನಗರಸಭೆಯ ಶನಿವಾರದ ಕಾರ್ಯಕ್ರಮವಲ್ಲ. ಮೊದಲು ಸೆಮಿ ಆಟೋಮ್ಯಾಟಿಕ್ ರೈಫಲ್‌ಗಳನ್ನು ನಿಷೇಧಿಸಿ, ಲೈಸೆನ್ಸ್ ಮತ್ತು ನೋಂದಣಿ ಕಡ್ಡಾಯ ಮಾಡಿ, ಮಾದರಿವಾರು ಮಾರುಕಟ್ಟೆ ಬೆಲೆ ಕಟ್ಟಿ, ಅದಕ್ಕೆಂದೇ ಒಂದು ವರ್ಷದ ತೆರಿಗೆ ಹಾಕಿ ಕೊಂಡದ್ದು. ಕೊಟ್ಟವನು ಮಾರನೆಯ ದಿನ ಅಂಥದ್ದನ್ನೇ ಕೊಳ್ಳುವಂತಿರಲಿಲ್ಲ. ಬಾಲ್ಟಿಮೋರಿಗೂ ಅದಕ್ಕೂ ಹೋಲಿಕೆ ಹೆಸರಿನಲ್ಲಿ ಮಾತ್ರ.

ಹಾಗಾದರೆ ಏನೂ ಪ್ರಯೋಜನವಿಲ್ಲವೆ? ಅನುಮಾನಿಸುವವರಲ್ಲೇ ಪ್ರಾಮಾಣಿಕರು ಒಪ್ಪುವ ಒಂದು ಅಂಶವಿದೆ. 2021ರಲ್ಲಿ ಅಮೆರಿಕದಲ್ಲಿ ಗುಂಡಿನಿಂದಾದ ಸುಮಾರು 48,800 ಸಾವುಗಳಲ್ಲಿ 26 ಸಾವಿರಕ್ಕೂ ಹೆಚ್ಚು ಆತ್ಮಹತ್ಯೆಗಳು. 2020ರ ಕ್ಯಾಲಿಫೋರ್ನಿಯಾದ ಒಂದು ದೊಡ್ಡ ಅಧ್ಯಯನದಲ್ಲಿ, ಪಿಸ್ತೂಲು ಹೊಂದಿದ ಗಂಡಸರು ಗುಂಡು ಹಾರಿಸಿಕೊಂಡು ಸಾಯುವ ಪ್ರಮಾಣ ಉಳಿದವರಿಗಿಂತ ಸುಮಾರು ಎಂಟು ಪಟ್ಟಿತ್ತು. ಕೊಲೆಗಾರನಿಗೆ ಬೇಡವಾದ ಅಟ್ಟದ ರಿವಾಲ್ವರ್ ಈ ಲೆಕ್ಕದಲ್ಲಿ ನಿರುಪದ್ರವಿಯಲ್ಲ. ಮ್ಯಾಸಚೂಸೆಟ್ಸ್‌ನ ವೂಸ್ಟರ್‌ನಲ್ಲಿ ಮಕ್ಕಳ ಶಸ್ತ್ರವೈದ್ಯ ಮೈಕೆಲ್ ಹಿರ್ಶ್ 2002ರಿಂದ ಪೊಲೀಸರ ಜೊತೆಗೂಡಿ ನಡೆಸುತ್ತ ಬಂದ ಕಾರ್ಯಕ್ರಮಕ್ಕೆ ಇದೇ ಆಧಾರ. ದರ ಕಡಿಮೆ, ಹಾಗಾಗಿ ವ್ಯಾಪಾರಿಗಳಿಗೆ ಗಿಟ್ಟುವುದಿಲ್ಲ. ಬಂದೂಕು ಬಿಟ್ಟುಕೊಡಲು ಒಪ್ಪದವರಿಗೆ ಟ್ರಿಗರ್ ಲಾಕ್ (ಟ್ರಿಗರ್ ಒತ್ತಲಾಗದಂತೆ ಹಾಕುವ ಬೀಗ) ಉಚಿತ. ಬಾಸ್ಟನ್ ನಗರ 2006ರಲ್ಲಿ ಇನ್ನೊಂದು ತಿದ್ದುಪಡಿ ಮಾಡಿತ್ತು: 200 ಡಾಲರಿನ ಕಾರ್ಡ್ ಪಿಸ್ತೂಲಿಗೆ ಮಾತ್ರ, ರೈಫಲ್‌ಗೆ ಇಲ್ಲ. ಸಾವಿರ ಚಿಲ್ಲರೆ ಬಂದೂಕು ಬಂದವು, ಮಾಲಿನ ಗುಣ ಹಿಂದಿನ ಬಾರಿಗಿಂತ ಬೀದಿಯ ಬಂದೂಕಿಗೆ ಹತ್ತಿರವಿತ್ತು.

ಅಮೆರಿಕದಲ್ಲಿ ಬೇಡದ ಬಂದೂಕು ಮನೆಯಲ್ಲಿರುವವರು ಶನಿವಾರದ ಗಿಫ್ಟ್ ಕಾರ್ಡಿಗಾಗಿ ಕಾಯಬೇಕಿಲ್ಲ. ಬಹಳಷ್ಟು ಊರುಗಳ ಪೊಲೀಸರು ಯಾವ ದಿನವಾದರೂ ದುಡ್ಡಿಲ್ಲದೆ ತೆಗೆದುಕೊಳ್ಳುತ್ತಾರೆ. ಅದನ್ನು ಹಿಡಿದು ನೇರ ಠಾಣೆಗೆ ನಡೆದು ಹೋಗಬಾರದು. ಮೊದಲು ತುರ್ತಲ್ಲದ ನಂಬರಿಗೆ ಫೋನ್ ಮಾಡಿ, ಗುಂಡು ತೆಗೆಯಲು ಬಾರದಿದ್ದರೆ ಮುಟ್ಟದೆ ಹಾಗೇ ಬಿಟ್ಟು, ಮನೆಗೇ ಬರಲು ಹೇಳಬೇಕು. ಒಪ್ಪಿಸುವಾಗ ಎರಡು ವಿಷಯ ಕೇಳಿಕೊಳ್ಳುವುದು ಒಳ್ಳೆಯದು: ಈ ರಾಜ್ಯದಲ್ಲಿ ಇದನ್ನು ಮಾರುತ್ತೀರೋ ನಾಶ ಮಾಡುತ್ತೀರೋ, ನಾಶವೆಂದರೆ ಫ್ರೇಮ್ ಮಾತ್ರವೋ ಪೂರ್ತಿಯೋ.