ದವಡೆ ಹಲ್ಲಿಗೆ ಕ್ಯಾಪ್: ಎಷ್ಟು ತೇಯಬೇಕು, ಯಾವುದು ಹಾಕಿಸಬೇಕು?

ಓದುಗರ ಪ್ರಶ್ನೆ: "ಕೆಳಗಿನ ದವಡೆ ಹಲ್ಲಿಗೆ ರೂಟ್ ಕೆನಾಲ್ ಆಗಿದೆ. ಈಗ ಕ್ಯಾಪ್ ಹಾಕಿಸ್ಕೊಳ್ಳಿ ಅಂತಿದ್ದಾರೆ. ಮೆಟಲ್, ಸೆರಾಮಿಕ್, ಜಿರ್ಕೋನಿಯಾ ಅಂತ ಮೂರು ರೇಟು ಬರೆದ ಚೀಟಿ ಕೊಟ್ಟು, ಯಾವುದು ಬೇಕೋ ಹೇಳಿ ಅಂದ್ರು. ನಮ್ಮಕ್ಕನ ಹಲ್ಲನ್ನ ಕ್ಯಾಪಿಗೆ ಅಂತ ತೇದು ತೇದು ಮೋಟು ಮಾಡಿದ್ದು ನೋಡಿದ ಮೇಲೆ ಭಯ ಹಿಡಿದಿದೆ. ಅಷ್ಟು ತೇಯಲೇಬೇಕಾ? ಮೂರರಲ್ಲಿ ಯಾವುದು ಒಳ್ಳೇದು?" – ರಾಜಾಜಿನಗರದಿಂದ

ನೀವು ಎರಡು ಪ್ರಶ್ನೆ ಕೇಳಿದ್ದೀರಿ ಅಂದುಕೊಂಡಿದ್ದೀರಿ. ನಿಜವಾಗಿ ಅದು ಒಂದೇ. ಯಾವ ಕ್ಯಾಪ್ ಎಂದು ತೀರ್ಮಾನವಾದರೆ ಎಷ್ಟು ತೇಯಬೇಕು ಅನ್ನುವುದೂ ತೀರ್ಮಾನವಾಗುತ್ತದೆ. ಹಾಗಾಗಿ ಆ ಚೀಟಿಯಲ್ಲಿ ರೇಟಿನ ಪಕ್ಕದಲ್ಲಿ ಇನ್ನೊಂದು ಅಂಕಿ ಇರಬೇಕಿತ್ತು: ಆ ಕ್ಯಾಪಿಗಾಗಿ ನಿಮ್ಮ ಹಲ್ಲು ಎಷ್ಟು ಮಿಲಿಮೀಟರ್ ಬಿಟ್ಟುಕೊಡಬೇಕು ಅಂತ. ಬಸವನಗುಡಿಯಲ್ಲಿ ಇಷ್ಟು ವರ್ಷ ಇದೇ ಕೆಲಸ ಮಾಡಿದ್ದೇನೆ. ರೇಟು ಕೇಳದವರಿಲ್ಲ, ವಾರಂಟಿ ಕಾರ್ಡು ಕೇಳದವರಿಲ್ಲ. ಮಿಲಿಮೀಟರ್ ಕೇಳಿದವರು ಬೆರಳೆಣಿಕೆಯಷ್ಟು. ಹಲ್ಲು ಒಮ್ಮೆ ತೇದರೆ ಮತ್ತೆ ಬೆಳೆಯುವುದಿಲ್ಲ. ಅದಕ್ಕೇ ಈ ಮಾತನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮೊದಲು, ಕ್ಯಾಪ್ ಬೇಕೇ? ರೂಟ್ ಕೆನಾಲ್ ಆದ ದವಡೆ ಹಲ್ಲಿಗೆ ಸಾಮಾನ್ಯವಾಗಿ ಬೇಕು. ನರ ತೆಗೆದ ಹಲ್ಲು ಒಣಗಿ ಪೆಡಸಾಗುತ್ತದೆ, ಅದಕ್ಕೆ ಮುರಿಯುತ್ತದೆ ಎನ್ನುವವರಿದ್ದಾರೆ. ಮುಖ್ಯ ಕಾರಣ ಅದಲ್ಲ. ಹುಳುಕು ಒಂದು ಗೋಡೆ ತಿಂದಿರುತ್ತದೆ, ನರದ ತನಕ ಹೋಗಲು ನಾವು ಹಲ್ಲಿನ ಚಾವಣಿ ತೆಗೆದಿರುತ್ತೇವೆ. ಉಳಿದ ಗೋಡೆಗಳನ್ನು ಒಂದಕ್ಕೊಂದು ಹಿಡಿದಿಡುವುದು ಏನೂ ಇರುವುದಿಲ್ಲ. ಹಿಂದಿನ ಹಲ್ಲಿನ ಮೇಲೆ ಬೀಳುವುದು ಐವತ್ತು ಅರವತ್ತು ಕೆ.ಜಿ. ತೂಕದಷ್ಟು ಒತ್ತಡ. ಕಡಲೆಕಾಯಿ ಪರಿಷೆ ಮುಗಿದ ವಾರ, ಇಲ್ಲವೇ ಗೋಕುಲಾಷ್ಟಮಿಯ ಚಕ್ಕುಲಿ, ಕೋಡುಬಳೆ ಡಬ್ಬಿ ಖಾಲಿಯಾಗುವ ಹೊತ್ತಿಗೆ, ಅರ್ಧ ಹಲ್ಲನ್ನು ಕಾಗದದಲ್ಲಿ ಸುತ್ತಿಕೊಂಡು ಬರುವವರಲ್ಲಿ ಹೆಚ್ಚಿನವರು "ರೂಟ್ ಕೆನಾಲ್ ಆಗಿತ್ತು, ನೋವಿರಲಿಲ್ಲ, ಕ್ಯಾಪ್ ಆಮೇಲೆ ನೋಡೋಣ ಅಂತ ಬಿಟ್ಟಿದ್ದೆ" ಎನ್ನುವವರೇ. 2002ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ, ರೂಟ್ ಕೆನಾಲ್ ಆಗಿ ಕ್ಯಾಪ್ ಹಾಕಿಸದ ಹಲ್ಲುಗಳು ಹಾಕಿಸಿದವುಗಳಿಗಿಂತ ಆರು ಪಟ್ಟು ಹೆಚ್ಚಾಗಿ ಉದುರಿಹೋಗಿದ್ದವು ಇಲ್ಲವೇ ಕಿತ್ತುಹಾಕಬೇಕಾಗಿ ಬಂದಿತ್ತು.

ಈಗ ತೇಯುವ ವಿಷಯ. ಕ್ಯಾಪ್ ಅಂದರೆ ಹಲ್ಲಿನ ಮೇಲೆ ಕೂರುವ ಟೋಪಿ. ಟೋಪಿಗೂ ಒಂದು ದಪ್ಪ ಇರುತ್ತದಲ್ಲ, ಅಷ್ಟು ಜಾಗವನ್ನು ಹಲ್ಲು ಬಿಟ್ಟುಕೊಡಬೇಕು. ಇಲ್ಲದಿದ್ದರೆ ಬಾಯಿ ಮುಚ್ಚಿದಾಗ ಆ ಒಂದು ಹಲ್ಲು ಮಾತ್ರ ತಾಗುತ್ತದೆ. ಎಲ್ಲ ಕಡೆ ಒಂದೇ ಸಮ ತೇಯುವುದೂ ಅಲ್ಲ. ಕೆಳದವಡೆಯಲ್ಲಿ ಕೆನ್ನೆ ಕಡೆಯ ದಿಬ್ಬಗಳು, ಮೇಲ್ದವಡೆಯಲ್ಲಿ ಅಂಗುಳಿನ ಕಡೆಯ ದಿಬ್ಬಗಳು ಅರೆಯುವ ಕೆಲಸದ ಭಾರ ಹೊರುತ್ತವೆ. ಕ್ಯಾಪ್ ಅಲ್ಲಿ ಇನ್ನಷ್ಟು ದಪ್ಪ ಇರಬೇಕು, ಆದ್ದರಿಂದ ಅಲ್ಲಿ ಸ್ವಲ್ಪ ಹೆಚ್ಚು ತೇಯುತ್ತೇವೆ. ಪೂರ್ತಿ ಮೆಟಲ್ ಕ್ಯಾಪಿಗೆ ಮೇಲ್ಭಾಗದಲ್ಲಿ 1 ಮಿ.ಮೀ., ಭಾರ ಹೊರುವ ದಿಬ್ಬದ ಮೇಲೆ 1.5. ಪೂರ್ತಿ ಜಿರ್ಕೋನಿಯಾಕ್ಕೂ ಹೆಚ್ಚುಕಡಿಮೆ ಅಷ್ಟೇ. ಲಿಥಿಯಂ ಡೈಸಿಲಿಕೇಟ್ ಎಂಬ ಗಾಜಿನ ಜಾತಿಯ ಸೆರಾಮಿಕ್ಕಿಗೆ 1.5. ಒಳಗೆ ಲೋಹ, ಹೊರಗೆ ಪಿಂಗಾಣಿ ಇರುವ ಕ್ಯಾಪಿಗೆ (ನಮ್ಮಲ್ಲಿ ಬರೀ "ಸೆರಾಮಿಕ್" ಅಂದರೆ ಬಹಳ ಸಲ ಇದೇ) 2 ಮಿ.ಮೀ. ತನಕ, ಏಕೆಂದರೆ ಅಲ್ಲಿ ಎರಡು ಪದರಕ್ಕೆ ಜಾಗ ಬೇಕು. ಅರ್ಧ ಮಿಲಿಮೀಟರ್ ವ್ಯತ್ಯಾಸ ಕೇಳಲು ಏನೂ ಅಲ್ಲ. ಆದರೆ ದವಡೆ ಹಲ್ಲಿನ ದಿಬ್ಬದ ಮೇಲೆ ಎನಾಮಲ್, ಅಂದರೆ ಹಲ್ಲಿನ ಹೊರಗಿನ ಗಟ್ಟಿ ಪದರ, ಇರುವುದೇ ಎರಡು, ಎರಡೂವರೆ ಮಿ.ಮೀ.

ಅಂದಾಜಿನಲ್ಲಿ ತೇಯಬಾರದ ಕೆಲಸ ಇದು. 1 ಮಿ.ಮೀ. ವ್ಯಾಸದ ವಜ್ರದ ಬರ್‌ನಿಂದ (ಹಲ್ಲು ತೇಯುವ ಯಂತ್ರದ ಮೊನೆ) ಮೊದಲು ಹಲ್ಲಿನ ಮೇಲೆ ಮೂರ್ನಾಲ್ಕು ಗಾಡಿ ಜಾಡಿನಂಥ ಗೆರೆ ತೆಗೆಯುತ್ತೇನೆ. ಬರ್ ಪೂರ್ತಿ ಮುಳುಗಿದರೆ ಆಳ 1 ಮಿ.ಮೀ. ಆಮೇಲೆ ಗೆರೆಗಳ ನಡುವಿನ ದಿಣ್ಣೆ ಸಮ ಮಾಡುತ್ತೇನೆ, ಅದಕ್ಕಿಂತ ಕೆಳಗೆ ಹೋಗುವುದಿಲ್ಲ. ನಂತರ ಬೆಚ್ಚಗೆ ಮಾಡಿದ ಮೇಣದ ಹಾಳೆಯೊಂದನ್ನು ಕಚ್ಚಿಸಿ, ತೆಗೆದು ದೀಪಕ್ಕೆ ಹಿಡಿಯುತ್ತೇನೆ. ಎಲ್ಲಿ ಬೆಳಕು ಹಾಯುತ್ತದೋ ಅಲ್ಲಿ ಮೇಣ ತೆಳು, ಅಂದರೆ ಅಲ್ಲಿ ಜಾಗ ಸಾಲದು. ದಪ್ಪ ಅಳೆಯುವ ಗೇಜ್ ಇಟ್ಟು ನೋಡಿದರೆ ಅಂಕಿಯೇ ಸಿಗುತ್ತದೆ. ಈ ಮೇಣದ ಚೂರನ್ನು ರೋಗಿಗಳಿಗೂ ತೋರಿಸುತ್ತೇನೆ. ತಮ್ಮ ಬಾಯೊಳಗೆ ಏನು ನಡೆಯುತ್ತಿದೆ ಎಂದು ಅವರು ಕಣ್ಣಾರೆ ಕಾಣಬೇಕು.

ಕಡಿಮೆ ತೇಯುವುದೂ ತಪ್ಪೇ. ಪ್ರಾಕ್ಟೀಸ್ ಶುರುಮಾಡಿದ ಹೊಸತರಲ್ಲಿ ಒಬ್ಬ ಅಜ್ಜಿಯ ಕೊನೆಯ ದವಡೆ ಹಲ್ಲು ಬಹಳ ಗಿಡ್ಡ ಇತ್ತು. ಪಾಪ, ಇರುವುದೇ ಇಷ್ಟು ಎಂದು ಉಳಿಸಿ ಉಳಿಸಿ ತೇದು, ಮೇಲೆ ಪಿಂಗಾಣಿ ಕ್ಯಾಪ್ ಹಾಕಿದೆ. ಲ್ಯಾಬಿನವರು ಸಿಕ್ಕಷ್ಟು ಜಾಗದಲ್ಲೇ ಪಿಂಗಾಣಿಯನ್ನು ಕಾಗದದಷ್ಟು ತೆಳುವಾಗಿ ಕೂರಿಸಿದ್ದರು. ಆರು ತಿಂಗಳಿಗೆ ಅದು ಚಕ್ಕೆ ಎದ್ದು, ಒಳಗಿನ ಕಪ್ಪು ಲೋಹ ಕಂಡಿತು. ಚೂಪಾದ ಅಂಚು ಅಜ್ಜಿಯ ನಾಲಿಗೆ ಕೊಯ್ದಿತ್ತು. ತಪ್ಪು ತೇಯುವುದರಲ್ಲಿ ಆದದ್ದಲ್ಲ, ಆಯ್ಕೆಯಲ್ಲಿ ಆದದ್ದು. ಗಿಡ್ಡ ಹಲ್ಲಿಗೆ ದಪ್ಪ ಬೇಡುವ ಕ್ಯಾಪ್ ಹಾಕಹೊರಟಿದ್ದೆ. ಅಂದು ಮೆಟಲ್ ಹಾಕಿದ್ದರೆ ಅವರು ಇನ್ನೂ ಅದರಲ್ಲೇ ಅಡಿಕೆ ಅಗಿಯುತ್ತಿದ್ದರೇನೋ. ಕ್ಯಾಪ್ ತೆಗೆದು ಬೇರೆ ಮಾಡಿಕೊಟ್ಟೆ, ಆದರೆ ಆ ನಾಲಿಗೆಯ ಗಾಯ ಮರೆತಿಲ್ಲ.

ಮೇಲಿನಿಂದ ಎಷ್ಟು ಅನ್ನುವಷ್ಟೇ ಮುಖ್ಯ ಪಕ್ಕದ ಗೋಡೆಗಳ ಇಳಿಜಾರು. ಸ್ಟೀಲ್ ಲೋಟದ ಮೇಲೆ ಇನ್ನೊಂದು ಲೋಟ ಕವುಚಿ ನೋಡಿ. ಗೋಡೆ ತುಸುವೇ ಓರೆ ಇದ್ದರೆ ಬಿಗಿಯಾಗಿ ಕೂರುತ್ತದೆ, ಎಳೆದರೂ ಬರುವುದಿಲ್ಲ. ದೇವಸ್ಥಾನದ ಗೋಪುರದ ಹಾಗೆ ಓರೆ ಇದ್ದರೆ ಯಾವ ಸಿಮೆಂಟೂ ಬಹಳ ದಿನ ಹಿಡಿಯುವುದಿಲ್ಲ. ದವಡೆ ಹಲ್ಲಿನಲ್ಲಿ ಗೋಡೆಯ ಎತ್ತರ 4 ಮಿ.ಮೀ. ಆದರೂ ಉಳಿಯಬೇಕು. "ಕ್ಯಾಪ್ ಪದೇ ಪದೇ ಬಿದ್ದುಹೋಗುತ್ತೆ ಡಾಕ್ಟ್ರೇ, ಒಳ್ಳೇ ಸಿಮೆಂಟ್ ಹಾಕಿ" ಎಂದು ಬರುವವರಲ್ಲಿ ದೋಷ ಸಿಮೆಂಟಿನದ್ದಾಗಿರುವುದು ಅಪರೂಪ, ಗೋಪುರವೇ ಕಾರಣ. ಇನ್ನು ಬುಡದಲ್ಲಿ, ಕ್ಯಾಪಿನ ಅಂಚಿನಿಂದ ಮೇಲಕ್ಕೆ ಒಂದೂವರೆ, ಎರಡು ಮಿ.ಮೀ. ಗಟ್ಟಿ ಹಲ್ಲು ಸುತ್ತಲೂ ಇರಲೇಬೇಕು. ಒನಕೆಯ ತುದಿ ಸೀಳದಿರಲಿ ಎಂದು ಕಬ್ಬಿಣದ ಅಣಸು ಹಾಕುತ್ತಿದ್ದರಲ್ಲ, ಕ್ಯಾಪ್ ಮಾಡುವುದು ಅದೇ ಕೆಲಸ. ಹಿಡಿದುಕೊಳ್ಳಲು ಮರವೇ ಇಲ್ಲದಿದ್ದರೆ ಅಣಸು ಏನು ಮಾಡೀತು? ಬರೀ ಫಿಲ್ಲಿಂಗ್ ಮೇಲೆ ನಿಂತ ಕ್ಯಾಪ್ ಬೇಗ ಕೈಕೊಡುತ್ತದೆ. ಅಂಚು ವಸಡಿನ ಆಳಕ್ಕೆ ಇಳಿದರೂ ಕಷ್ಟ: ವಸಡು ಸದಾ ಕೆಂಪಗೆ, ಮುಟ್ಟಿದರೆ ರಕ್ತ. ಹಿಂದಿನ ಹಲ್ಲು ಯಾರ ಕಣ್ಣಿಗೂ ಬೀಳುವುದಿಲ್ಲ, ಆದ್ದರಿಂದ ಆದಷ್ಟೂ ಅಂಚನ್ನು ವಸಡಿನ ಮೇಲೇ ನಿಲ್ಲಿಸುವುದು ನನ್ನ ಪದ್ಧತಿ. ಬ್ರಷ್ ತಲುಪುತ್ತದೆ, ಅಳತೆಯೂ ಚೊಕ್ಕಟವಾಗಿ ಬರುತ್ತದೆ.

ನಿಮ್ಮ ಅಕ್ಕನ ಹಲ್ಲು ಮೋಟಾಗಿ ಕಂಡದ್ದು ಸುಳ್ಳಲ್ಲ. ಪೂರ್ತಿ ಕ್ಯಾಪಿಗೆ ಸಿದ್ಧಮಾಡುವಾಗ ಹಲ್ಲಿನ ಹೊರಗೆ ಕಾಣುವ ಭಾಗದಲ್ಲಿ ಮೂರರಲ್ಲಿ ಎರಡು ಪಾಲಿನಿಂದ ಮುಕ್ಕಾಲು ಪಾಲಿನವರೆಗೂ ಹೋಗಬಹುದು ಎಂದು ತೂಕ ಹಾಕಿ ನೋಡಿದವರಿದ್ದಾರೆ. ಹುಳುಕು ಒಂದೇ ಕಡೆ ಇದ್ದು ಉಳಿದ ಗೋಡೆಗಳು ಗಟ್ಟಿಯಿದ್ದರೆ ಓನ್‌ಲೇ ಆಗುತ್ತದಾ ಎಂದು ಕೇಳಿ. ಮೇಲಿನ ದಿಬ್ಬಗಳನ್ನಷ್ಟೇ ಹೊದಿಸುವ ಅರ್ಧ ಕ್ಯಾಪ್ ಅದು. ಪಕ್ಕದ ಗೋಡೆಗಳು ಬಹುಪಾಲು ಉಳಿಯುತ್ತವೆ.

ಇನ್ನು ಆ ಮೂರು ಹೆಸರು. ಜಿರ್ಕೋನಿಯಾ ಈಗ ಎಲ್ಲರ ಬಾಯಲ್ಲೂ ಇರುವ ಮಾತು, ಮತ್ತು ಆ ಹೆಸರನ್ನು ಅದು ಗಳಿಸಿಕೊಂಡಿದೆ. ಜಿರ್ಕೋನಿಯಂ ಧಾತು ಇರುವುದನ್ನು ಕ್ಲಾಪ್ರೋತ್ ಎಂಬ ಜರ್ಮನ್ ರಸಾಯನಶಾಸ್ತ್ರಜ್ಞ ಕಂಡುಕೊಂಡದ್ದು 1789ರಲ್ಲಿ, ಸಿಂಹಳದಿಂದ ಹೋದ ಜಿರ್ಕಾನ್ ಎಂಬ ಕಲ್ಲೊಂದರಲ್ಲಿ. ಅದೇ ಜಿರ್ಕಾನ್ ಪಕ್ಕದ ಕೇರಳದ ಚವರ ಕರಾವಳಿಯ ಮರಳಿನಲ್ಲೂ ಇದೆ. ಆ ಧಾತುವಿನ ಆಕ್ಸೈಡಿಗೆ ಯಿಟ್ರಿಯಾ ಎಂಬ ಇನ್ನೊಂದು ಆಕ್ಸೈಡನ್ನು ಸ್ವಲ್ಪ ಬೆರೆಸಿದರೆ ನಮ್ಮ ಕ್ಯಾಪಿನ ಜಿರ್ಕೋನಿಯಾ. ಇದರ ಗುಣ ನನಗೆ ಇಂದಿಗೂ ಬೆರಗು: ಬಿರುಕು ಶುರುವಾದ ಕಡೆ ಸುತ್ತಲಿನ ಹರಳುಗಳು ರೂಪ ಬದಲಿಸಿ ಸುಮಾರು ನೂರಕ್ಕೆ ನಾಲ್ಕರಷ್ಟು ಉಬ್ಬಿ, ಬಿರುಕಿನ ಬಾಯನ್ನು ಹಿಸುಕಿಬಿಡುತ್ತವೆ. 1975ರಲ್ಲಿ ಇದನ್ನು ವಿವರಿಸಿದ ವಿಜ್ಞಾನಿಗಳು ಸೆರಾಮಿಕ್ ಉಕ್ಕು ಎಂಬ ಮಾತನ್ನೇ ಬಳಸಿದರು. ಲ್ಯಾಬಿನಲ್ಲಿ ಸೀಮೆಸುಣ್ಣದಂಥ ಮೃದು ಬಿಲ್ಲೆಯಿಂದ ಕ್ಯಾಪನ್ನು ನೂರಕ್ಕೆ ಇಪ್ಪತ್ತು, ಇಪ್ಪತ್ತೈದರಷ್ಟು ದೊಡ್ಡದಾಗಿ ಕೊರೆದು, ಸುಮಾರು 1500 ಡಿಗ್ರಿ ಶಾಖದ ಕುಲುಮೆಯಲ್ಲಿಡುತ್ತಾರೆ. ಅದು ಕುಗ್ಗಿ ನಿಮ್ಮ ಹಲ್ಲಿನ ಅಳತೆಗೆ ಬರುತ್ತದೆ.

ಆದರೆ ಜಿರ್ಕೋನಿಯಾ ಎಂದರೆ ಒಂದೇ ಅಲ್ಲ. ಬಿಳಿಚಿಕೊಂಡಂತೆ ಕಾಣುವ ಹಳೆಯ ಬಗೆಯ ಬಲ 1000 ಮೆಗಾಪ್ಯಾಸ್ಕಲ್ (ಮುರಿಯದೆ ಎಷ್ಟು ಒತ್ತಡ ತಾಳುತ್ತದೆ ಎಂದು ಅಳೆಯುವ ಮಾನ) ಆಸುಪಾಸು. ಬೆಳಕು ಹಾಯುವ ಚೆಂದದ ಬಗೆಯಲ್ಲಿ ಯಿಟ್ರಿಯಾ ಹೆಚ್ಚು, ಬಲ ಸುಮಾರು 600ಕ್ಕೆ ಇಳಿಯುತ್ತದೆ. ಲಿಥಿಯಂ ಡೈಸಿಲಿಕೇಟ್ 400ರ ಹತ್ತಿರ, ಮೇಲೆ ಲೇಪಿಸುವ ಪಿಂಗಾಣಿ 100ರ ಒಳಗೆ. ಅಂದರೆ ಜಿರ್ಕೋನಿಯಾದ ಮೇಲೆ ಅಂದಕ್ಕೆ ಪಿಂಗಾಣಿ ಲೇಪಿಸಿದ ಕ್ಯಾಪ್ ಹಿಂದಿನ ಹಲ್ಲಿಗೆ ಬೇಡ. ಒಳಗಿನದು ಎಷ್ಟೇ ಗಟ್ಟಿಯಿದ್ದರೂ ಚಕ್ಕೆ ಏಳುವುದು ಮೇಲಿನದೇ. ಲೇಪವಿಲ್ಲದ, ಒಂದೇ ತುಂಡಿನದು ಕೇಳಿ. "ಜಿರ್ಕೋನಿಯಾ ಎದುರು ಹಲ್ಲನ್ನು ತಿಂದುಹಾಕುತ್ತೆ" ಎನ್ನುವ ಮಾತಿದೆ. ಒರಟಾಗಿ ಬಿಟ್ಟರೆ ನಿಜ. ಕನ್ನಡಿಯಂತೆ ಪಾಲಿಶ್ ಮಾಡಿದ್ದರೆ ಪಿಂಗಾಣಿಗಿಂತ ಅದೇ ಮೇಲು. ಕೂರಿಸುವಾಗ ಕಚ್ಚು ಸರಿಮಾಡಲು ಎಲ್ಲಾದರೂ ತೇದರೆ ಅಲ್ಲಿ ಮತ್ತೆ ಪಾಲಿಶ್ ಆಗಲೇಬೇಕು; ಮುಜುಗರಪಡದೆ ಕೇಳಿ.

ಮೆಟಲ್ ಕ್ಯಾಪನ್ನು ಬಡವರ ಕ್ಯಾಪ್ ಎಂದು ನೋಡುವುದು ನನಗೆ ಬೇಸರದ ಸಂಗತಿ. ತೆಳುವಾಗಿದ್ದೂ ಮುರಿಯುವುದಿಲ್ಲ, ಹಲ್ಲನ್ನು ಕಡಿಮೆ ಬೇಡುತ್ತದೆ. ಕಟ್ಟಕಡೆಯ ದವಡೆ ಹಲ್ಲಿಗೆ, ಗಿಡ್ಡ ಹಲ್ಲಿಗೆ, ರಾತ್ರಿ ಹಲ್ಲು ಕಡಿಯುವವರಿಗೆ ಇಂದಿಗೂ ನಾನು ಮೊದಲು ಹೇಳುವುದು ಅದನ್ನೇ. ಒಂದು ಎಚ್ಚರ ಮಾತ್ರ: ಅಗ್ಗದ ಲೋಹಗಳಲ್ಲಿ ನಿಕ್ಕಲ್ ಇರುತ್ತದೆ. ಗಿಲೀಟಿನ ಓಲೆ ಹಾಕಿದರೆ ಕಿವಿ ಕೆರೆದು ಹುಣ್ಣಾಗುವವರು ಅದನ್ನು ಮೊದಲೇ ಹೇಳಬೇಕು. ಕೋಬಾಲ್ಟ್-ಕ್ರೋಮಿಯಂನದು ಸಿಗುತ್ತದೆ. ಲೋಹದ ಮೇಲೆ ಪಿಂಗಾಣಿ ಇರುವುದು ದಶಕಗಳ ಅನುಭವದಿಂದ ಬಂದದ್ದು, ಕೆಟ್ಟದ್ದಲ್ಲ. ಆದರೆ ಹಿಂದಿನ ಹಲ್ಲಿಗೆ ಅಷ್ಟು ತೇದು ಅದನ್ನೇ ಹಾಕಿಸಲು ಈಗ ನನಗೆ ಕಾರಣ ಕಾಣುವುದಿಲ್ಲ.

ದುಡ್ಡಿನ ಯೋಚನೆ ಇದ್ದರೆ, ಕೋಟೆ ಪ್ರದೇಶದ ವಿಕ್ಟೋರಿಯಾ ಆಸ್ಪತ್ರೆ ಆವರಣದಲ್ಲಿ ಸರ್ಕಾರಿ ದಂತ ವೈದ್ಯಕೀಯ ಕಾಲೇಜಿದೆ. ಊರಲ್ಲಿ ಖಾಸಗಿ ದಂತ ಕಾಲೇಜುಗಳೂ ಹಲವಿವೆ. ಸ್ನಾತಕೋತ್ತರ ವಿದ್ಯಾರ್ಥಿಗಳು ಪ್ರಾಧ್ಯಾಪಕರ ಕಣ್ಣೆದುರೇ ಮಾಡುವುದರಿಂದ ಓಡಾಟ ಒಂದೆರಡು ದಿನ ಹೆಚ್ಚು, ಆದರೆ ಹಂತ ಹಂತಕ್ಕೂ ತಪಾಸಣೆ ಇರುತ್ತದೆ.

ನಿಮ್ಮ ಹಲ್ಲು ನೋಡದೆ ಇದೇ ಎಂದು ಹೇಳಲಾರೆ. ನಿಮ್ಮ ಡಾಕ್ಟರನ್ನು ಕೇಳಬೇಕಾದದ್ದು ಇಷ್ಟು: ಸುತ್ತಲೂ ಗಟ್ಟಿ ಹಲ್ಲು ಎಷ್ಟು ಉಳಿದಿದೆ? ಎತ್ತರ ಸಾಕಷ್ಟಿದೆಯಾ? ನಾನು ರಾತ್ರಿ ಹಲ್ಲು ಕಡಿಯುತ್ತೇನೆ ಅನ್ನುವ ಗುರುತು ಕಾಣುತ್ತಿದೆಯಾ? ಎತ್ತರ ಸಾಕಷ್ಟಿದ್ದು, ನಕ್ಕಾಗ ಆ ಹಲ್ಲು ಕಾಣುವುದಾದರೆ ಒಂದೇ ತುಂಡಿನ ಜಿರ್ಕೋನಿಯಾ. ಗಿಡ್ಡವಿದ್ದರೆ, ಕಾಣದಿದ್ದರೆ, ಮೆಟಲ್. ತೇದ ದಿನ ತಾತ್ಕಾಲಿಕ ಕ್ಯಾಪ್ ಇಲ್ಲದೆ ಮನೆಗೆ ಬರಬೇಡಿ. ಬರಿದಾಗಿ ಬಿಟ್ಟರೆ ಅಕ್ಕಪಕ್ಕದ, ಎದುರಿನ ಹಲ್ಲು ವಾರದಲ್ಲೇ ಸರಿದು, ಲ್ಯಾಬಿನಿಂದ ಬಂದ ಕ್ಯಾಪ್ ಕೂರದೆ ಹೋಗಬಹುದು. ಪಕ್ಕಾ ಕ್ಯಾಪ್ ಕೂರಿಸುವಾಗ ಬಣ್ಣದ ಕಾಗದ ಕಚ್ಚಿಸಿ ನೋಡುತ್ತಾರೆ. ನಿಮ್ಮದು ರೂಟ್ ಕೆನಾಲ್ ಆದ ಹಲ್ಲು, ಜುಮ್ಮೆನ್ನುವ ಭಯವಿಲ್ಲ, ಆದ್ದರಿಂದ ಮರಗಟ್ಟುವ ಇಂಜೆಕ್ಷನ್ ಹೆಚ್ಚಾಗಿ ಬೇಕಾಗುವುದಿಲ್ಲ. ಮರಗಟ್ಟದ ಬಾಯಿಗೆ ಕೂದಲೆಳೆಯ ಎತ್ತರವೂ ತಿಳಿಯುತ್ತದೆ. "ಅಡ್ಜಸ್ಟ್ ಆಗುತ್ತೆ" ಎಂದು ಎದ್ದು ಬರಬೇಡಿ. ಎರಡೂ ಕಡೆ ಒಂದೇ ಸಮ ತಾಗುತ್ತಿದೆ ಎಂದು ನಿಮಗೆ ಅನ್ನಿಸುವ ತನಕ ಕುರ್ಚಿಯಲ್ಲೇ ಕುಳಿತಿರಿ.