ಕೋಶ ವಿಭಜನೆ: ಮೊದಲು ವರ್ಣತಂತು ಎಣಿಸಲು ಕಲಿಯೋಣ

ಪ್ರೊಫೇಸ್, ಮೆಟಾಫೇಸ್, ಅನಾಫೇಸ್, ಟೀಲೊಫೇಸ್ ಎಂದು ಸರಾಗವಾಗಿ ಒಪ್ಪಿಸುವವರೂ “ಈ ಹಂತದಲ್ಲಿ ಕೋಶದೊಳಗೆ ಎಷ್ಟು ವರ್ಣತಂತುಗಳಿವೆ (ಡಿಎನ್ಎ ಹೊತ್ತ ಎಳೆಗಳು, ಕ್ರೋಮೊಸೋಮ್)?” ಎಂದರೆ ತಡವರಿಸುತ್ತಾರೆ. ನನ್ನ ಪ್ರಕಾರ ಈ ಪಾಠದ ಜೀವಾಳವೇ ಆ ಎಣಿಕೆ. ಹೆಸರುಗಳನ್ನು ಆಮೇಲೆ ಕಲಿತರೂ ನಡೆಯುತ್ತದೆ.

ನಿಯಮ ಒಂದೇ: ಸೆಂಟ್ರೊಮಿಯರ್ (ವರ್ಣತಂತುವಿನ ಕಿರಿದಾದ ಕಟ್ಟು) ಎಷ್ಟು ಕಾಣುತ್ತವೋ ವರ್ಣತಂತುಗಳೂ ಅಷ್ಟೇ. ಮನುಷ್ಯನ ದೇಹಕೋಶದಲ್ಲಿ 46 ಇವೆ. ವಿಭಜನೆಗೆ ಮುನ್ನ, ಅಂದರೆ ಎರಡು ವಿಭಜನೆಗಳ ನಡುವಿನ ಇಂಟರ್‌ಫೇಸ್‌ನ ಎಸ್ ಹಂತದಲ್ಲಿ ಡಿಎನ್ಎ ನಕಲಾಗಿ ದುಪ್ಪಟ್ಟಾಗುತ್ತದೆ. ಎರಡು ಪ್ರತಿಗಳೂ ಸೆಂಟ್ರೊಮಿಯರ್ ಬಳಿ ಅಂಟಿಕೊಂಡೇ ಇರುವುದರಿಂದ ವರ್ಣತಂತು ಆಗಲೂ 46; ಕ್ರೊಮ್ಯಾಟಿಡ್, ಅಂದರೆ ಅಂಟಿಕೊಂಡಿರುವ ಒಂದೊಂದು ಪ್ರತಿ, ಮಾತ್ರ 92. ಅನಾಫೇಸ್‌ನಲ್ಲಿ ಅವು ಬೇರ್ಪಟ್ಟೊಡನೆ ಒಂದೊಂದೂ ಸ್ವತಂತ್ರ ವರ್ಣತಂತು. ಹಾಗಾಗಿ ಸ್ವಲ್ಪ ಹೊತ್ತು ಕೋಶದಲ್ಲಿ 92 ಇರುತ್ತವೆ. ಕೋಶ ಎರಡಾದ ಮೇಲೆ ತಲಾ 46. ಮೈಟಾಸಿಸ್ ಎಂದರೆ ಇಷ್ಟೇ.

ಈರುಳ್ಳಿ ಬೇರಿನ ತುದಿಯ ಸ್ಲೈಡ್ ನೋಡುವಾಗ ಬಹುಪಾಲು ಕೋಶಗಳಲ್ಲಿ ವರ್ಣತಂತು ಕಾಣುವುದೇ ಇಲ್ಲ. ಸ್ಲೈಡ್ ಕೆಟ್ಟಿದೆ ಎಂದುಕೊಳ್ಳಬೇಡಿ. ಅವೆಲ್ಲ ಇಂಟರ್‌ಫೇಸ್‌ನಲ್ಲಿವೆ. ಯಾವ ಹಂತ ಹೆಚ್ಚು ಕಾಲ ನಡೆಯುತ್ತದೋ ಆ ಹಂತದ ಕೋಶಗಳೇ ಕಣ್ಣಿಗೆ ಹೆಚ್ಚು ಬೀಳುತ್ತವೆ.

ಲಿಂಗಾಣುಗಳು (ಅಂಡ, ವೀರ್ಯಾಣು) ಹುಟ್ಟುವ, ಎರಡು ಸುತ್ತಿನ ವಿಭಜನೆಯೇ ಮಿಯೋಸಿಸ್. ಅದಕ್ಕೆ ಕಾಗದ, ಎರಡು ಬಣ್ಣದ ಪೆನ್ಸಿಲ್ ಬೇಕು. ಒಂದು ಕೋಶದಲ್ಲಿ ನಾಲ್ಕು ವರ್ಣತಂತು ಬಿಡಿಸಿ: ಉದ್ದನೆಯದೊಂದು ಜೋಡಿ, ಗಿಡ್ಡನೆಯದೊಂದು ಜೋಡಿ. ಪ್ರತಿ ಜೋಡಿಯಲ್ಲೂ ತಾಯಿಯಿಂದ ಬಂದದ್ದು ಕೆಂಪು, ತಂದೆಯಿಂದ ಬಂದದ್ದು ನೀಲಿ. ನಾಲ್ಕು ಎಂಬುದು ಬರೀ ಅನುಕೂಲಕ್ಕೆ ಹಿಡಿದ ಸಂಖ್ಯೆಯಲ್ಲ. ಬೆಲ್ಜಿಯಂನ ಜೀವವಿಜ್ಞಾನಿ ಎಡ್ವರ್ಡ್ ವಾನ್ ಬೆನೆಡೆನ್ 1883ರಲ್ಲಿ ಕುದುರೆಯ ಕರುಳಿನ ದುಂಡುಹುಳುವಿನ ಮೊಟ್ಟೆಗಳಲ್ಲಿ, ತಾಯಿಯಿಂದ ಎರಡು, ತಂದೆಯಿಂದ ಎರಡು ವರ್ಣತಂತು ಬಂದು ಸೇರುವುದನ್ನು ಕಂಡಿದ್ದರು.

ಈಗ ಪ್ರತಿಯೊಂದನ್ನೂ ನಕಲು ಮಾಡಿ, ಜೋಡಿಗಳನ್ನು ಅಕ್ಕಪಕ್ಕ ನಿಲ್ಲಿಸಿ. ಮೊದಲ ವಿಭಜನೆಯಲ್ಲಿ ಬೇರೆಯಾಗುವುದು ಕ್ರೊಮ್ಯಾಟಿಡ್‌ಗಳಲ್ಲ, ಜೋಡಿಗಳು. ಬಹಳ ಮಂದಿ ಚಿತ್ರ ತಪ್ಪುವುದು ಇಲ್ಲೇ. ಪ್ರತಿ ಕೋಶಕ್ಕೆ ಎರಡೆರಡು ವರ್ಣತಂತು ಸಿಗುತ್ತವೆ, ಒಂದೊಂದರಲ್ಲೂ ಇನ್ನೂ ಎರಡು ಕ್ರೊಮ್ಯಾಟಿಡ್. ಸಂಖ್ಯೆ ಅರ್ಧವಾದದ್ದು ಈ ಹಂತದಲ್ಲಿ. ಎರಡನೆಯ ವಿಭಜನೆಯಲ್ಲಿ ಕ್ರೊಮ್ಯಾಟಿಡ್‌ಗಳು ಬೇರೆಯಾಗುತ್ತವೆ. ಎರಡು ಇದ್ದದ್ದು ಎರಡೇ ಉಳಿಯುತ್ತದೆ. ನಕಲಾಗದ ಒಂದು ವರ್ಣತಂತುವಿಗೆ 1 ಎಂದು ಹಿಡಿದು, ಒಂದು ಕೋಶದ ಡಿಎನ್ಎ ಪ್ರಮಾಣವನ್ನು ಪಕ್ಕದಲ್ಲೇ ಬರೆದುಕೊಂಡು ಹೋಗಿ: 4, ನಕಲಾದ ಮೇಲೆ 8, ಆಮೇಲೆ 4, ಕೊನೆಗೆ 2. ವರ್ಣತಂತುಗಳ ಸಾಲು ಬೇರೆ: 4, 4, 2, 2. ಈ ಎರಡು ಸಾಲುಗಳನ್ನು ಬೆರೆಸದಿದ್ದರೆ ಅರ್ಧ ಗೊಂದಲ ಅಲ್ಲೇ ಕರಗುತ್ತದೆ.

ಉದ್ದನೆಯ ಕೆಂಪಿನ ಜೊತೆ ಗಿಡ್ಡ ಕೆಂಪೇ ಹೋಗಬೇಕೆಂದಿಲ್ಲ, ನೀಲಿಯೂ ಹೋಗಬಹುದು. ಎರಡು ಜೋಡಿಯಿಂದ ನಾಲ್ಕು ಬಗೆಯ ಲಿಂಗಾಣು. ಮನುಷ್ಯರ 23 ಜೋಡಿಯಿಂದ 2ರ 23ನೇ ಘಾತ, ಅಂದರೆ 83,88,608 ಬಗೆ! ಪ್ರೊಫೇಸ್ ಒಂದರಲ್ಲಿ (ಮೊದಲ ವಿಭಜನೆಯ ಪ್ರೊಫೇಸ್) ಜೋಡಿಗಳು ತುಣುಕು ಬದಲಿಸಿಕೊಳ್ಳುವುದನ್ನು ಇನ್ನೂ ಲೆಕ್ಕಕ್ಕೇ ಹಿಡಿದಿಲ್ಲ. ಒಡಹುಟ್ಟಿದವರು ಒಬ್ಬರಂತೆ ಒಬ್ಬರಿರದಿರುವುದಕ್ಕೆ ಮುಖ್ಯ ಕಾರಣ ಇದೇ.

ಅದೇ ಚಿತ್ರದಲ್ಲಿ ಬೇಕೆಂದೇ ಒಂದು ತಪ್ಪು ಮಾಡಿ ನೋಡಿ. ಮೊದಲ ವಿಭಜನೆಯಲ್ಲಿ ಗಿಡ್ಡ ಜೋಡಿ ಬೇರೆಯಾಗದೆ ಎರಡೂ ಒಂದೇ ಕಡೆ ಹೋದರೆ, ಕೊನೆಯ ನಾಲ್ಕು ಕೋಶಗಳಲ್ಲಿ 3, 3, 1, 1. ಒಂದಕ್ಕೂ ಸರಿಯಾದ ಲೆಕ್ಕವಿಲ್ಲ. ತಪ್ಪು ಎರಡನೆಯ ವಿಭಜನೆಯಲ್ಲಿ, ಒಂದೇ ಕೋಶದಲ್ಲಿ ಆದರೆ 3, 1, 2, 2, ಎರಡು ಸರಿಯಾಗಿವೆ. ಮನುಷ್ಯರಲ್ಲಿ 21ನೇ ವರ್ಣತಂತು ಹೀಗೆ ಒಂದು ಹೆಚ್ಚಾಗಿ ಬಂದರೆ ಡೌನ್ ಸಿಂಡ್ರೋಮ್. 1959ರಲ್ಲಿ ಜೆರೋಮ್ ಲೆಜೂನ್ ಮತ್ತು ಸಂಗಡಿಗರು ಇದನ್ನು ಪ್ರಕಟಿಸಿದರು. ತಾಯಿಯ ವಯಸ್ಸು ಏರಿದಂತೆ ಇದರ ಸಾಧ್ಯತೆ ಹೆಚ್ಚುತ್ತದೆ. ಹೆಣ್ಣುಮಗು ಹುಟ್ಟುವ ಮೊದಲೇ ಅಂಡಕೋಶಗಳು ಮಿಯೋಸಿಸ್ ಶುರುಮಾಡಿ ಪ್ರೊಫೇಸ್ ಒಂದರಲ್ಲೇ ನಿಂತುಬಿಡುತ್ತವೆ. ಅಂಡ ಬಿಡುಗಡೆಯಾಗುವ ಹೊತ್ತಿಗಷ್ಟೇ ಮುಂದುವರಿಯುತ್ತವೆ, ಕೆಲವು ನಲವತ್ತು ವರ್ಷ ಕಳೆದ ಮೇಲೆ. ಅಷ್ಟೂ ಕಾಲ ವರ್ಣತಂತುಗಳನ್ನು ಹಿಡಿದಿಡುವ ಪ್ರೋಟೀನ್‌ಗಳು ಸವೆಯುತ್ತಾ ಬರುತ್ತವೆ.