ಸೇಂದಿ ನಿಂತ ಮ್ಯಾಲೆ ಫಿಟ್ಸ್ ಯಾಕ ಬರ್ತಾವ? ಸಿಎಚ್ ಪೌಡರ್ ಮತ್ತ ಮಿದುಳಿನ ರಿಸೆಪ್ಟರ್

ರಾಯಚೂರು ಜಿಲ್ಲಾದಾಗ ಸಿಎಚ್ ಪೌಡರ್ (ನಿದ್ದಿ ಬರಿಸೋ ಪುಡಿ) ಕಲಸಿದ ಸೇಂದಿ ಸುದ್ದಿ ಹೊಸದಲ್ಲ. ರೇಡ್ ಆಗ್ತದ, ಪೌಡರ್ ಸಿಗ್ತದ, ಸೇಂದಿ ಚೆಲ್ತಾರ, ಪೇಪರ್‌ನಾಗ ಫೋಟೋ ಬರ್ತದ. ತಿಳಿಲಾರದ್ದು ಆಮ್ಯಾಲಿನ ಕತಿ. ದಿನಾ ಕುಡಿತಿದ್ದವ್ರಿಗೆ ಕುಡಿಯೋದು ನಿಂತ್ರ ಕೈ ನಡುಗ್ತದ, ನಿದ್ದಿ ಹಾರ್ತದ, ಇಲ್ಲದ್ದು ಕಾಣ್ತದ, ಕೆಲವ್ರು ಫಿಟ್ಸ್ ಬಂದು ಬೀಳ್ತಾರ. ಬಿಟ್ಟ ಮ್ಯಾಲೆ ಆರಾಮ ಆಗ್ಬೇಕಿತ್ತಲ್ಲ? ಒಬ್ರು ಮೈಮ್ಯಾಲೆ ಬಂದದ ಅಂತಾರ, ಒಬ್ರು ನಾಟಕ ಅಂತಾರ, ಇನ್ನೊಬ್ರು ಒಂದಿಷ್ಟು ಮತ್ತ ಕುಡಿಸ್ರಿ ಸರಿ ಹೋಗ್ತಾನ ಅಂತಾರ. ಕಡೀ ಮಾತಿನಾಗ ಸ್ವಲ್ಪ ಖರೆ ಅದ, ತೊಡಕೇ ಅದು.

ಸೇಂದಿ ಅಂದ್ರ ಈಚಲ ಮರದ ಕಳ್ಳು. ಮರ ಕಮ್ಮಿ ಆದ್ವು, ಕುಡಿಯೋರು ಕಮ್ಮಿ ಆಗ್ಲಿಲ್ಲ. 2007ರ ಜುಲೈ 1ಕ್ಕ ರಾಜ್ಯದಾಗ ಸಾರಾಯಿ ಬಂದ್ ಆತು, ಗಡಿ ಆಚೆ ತೆಲಂಗಾಣದಾಗ ಕಳ್ಳು ಲೈಸೆನ್ಸ್ ಮ್ಯಾಲೆ ನಡೀತದ, ನಡುವ ನೀರಿಗೆ ಪೌಡರ್ ಕಲಸಿದ್ದೇ ಸೇಂದಿ ಅಂತ ಮಾರೋದು ಸಲೀಸಾತು. ಸಿಎಚ್ ಅಂದ್ರ ಕ್ಲೋರಲ್ ಹೈಡ್ರೇಟ್, ಜೋಡಿಗೆ ಡಯಾಜೆಪಾಮ್ ಇಲ್ಲಾ ಅಲ್ಪ್ರಜೋಲಾಮ್ ಸುದಾ ಇರ್ತಾವ. ಎಲ್ಲಾನೂ ನಿದ್ದಿ ಔಷಧಿಗಳೇ.

ಕ್ಲೋರಲ್ ಹೈಡ್ರೇಟ್ ಜರ್ಮನಿಯ ಲೀಬಿಗ್ 1832ರಾಗ ತಯಾರ ಮಾಡಿದ್ದು, 1869ರಿಂದ ನಿದ್ದಿಗೆ ಕೊಡಾಕ ಸುರು ಮಾಡಿದ್ರು. 1950ರಾಗ ಮಿದುಳಿನಾಗ ಗಾಬಾ ಅನ್ನೋ ರಸಾಯನ ಸಿಕ್ತು, 1963ರಾಗ ಡಯಾಜೆಪಾಮ್ ಮಾರ್ಕೆಟ್‌ಗೆ ಬಂತು, ಅದು ಮಿದುಳಿನಾಗ ಎಲ್ಲಿ ಹೋಗಿ ಕೂಡ್ತದ ಅಂತ 1977ರಾಗ ಗೊತ್ತಾತು, 1987ರಾಗ ಗಾಬಾ ರಿಸೆಪ್ಟರ್‌ನ (ನರಕೋಶದ ಮ್ಯಾಲೆ ಗಾಬಾ ಹಿಡಿಯೋ ಪ್ರೋಟೀನಿನ) ಜೀನ್ ಓದಿದ್ರು. ಔಷಧಿ ಮೊದ್ಲು, ತಿಳುವಳಿಕಿ ನೂರು ವರ್ಷದ ಮ್ಯಾಲೆ.

ಗಾಬಾ ಮಿದುಳಿಗೆ ಸುಮ್ನಿರು ಅನ್ನೋ ಸಂದೇಶ. ಅದನ್ನ ಹಿಡಿಯೋ ಗಾಬಾ-ಎ ರಿಸೆಪ್ಟರ್ ಐದು ತುಂಡು ಕೂಡಿ ಆದ ಒಂದು ತೂಬು ಇದ್ದಂಗ, ತೆರೆದ್ರ ಕ್ಲೋರೈಡ್ ನರಕೋಶದೊಳಗ ಹರೀತದ, ಕೋಶ ತಣ್ಣಗಾಗ್ತದ. ಡಯಾಜೆಪಾಮ್ ಇರ್ಲಿ, ಕ್ಲೋರಲ್ ಹೊಟ್ಟಿಗೆ ಹೋದ ಮ್ಯಾಲೆ ಆಗೋ ಟ್ರೈಕ್ಲೋರೋಎಥನಾಲ್ ಇರ್ಲಿ, ಈ ತೂಬಿನ ಹರಿವು ಜಾಸ್ತಿ ಮಾಡ್ತಾವ. ಬಾಳ ದಿನ ಈ ರಿಸೆಪ್ಟರ್‌ಗಳು ಸಿನಾಪ್ಸ್‌ನಾಗ (ಎರಡು ನರಕೋಶ ಕೂಡೋ ಜಾಗದಾಗ) ಮೊಳಿ ಹೊಡ್ದಂಗ ಕುಂತಿರ್ತಾವ ಅಂತ ತಿಳ್ಕೊಂಡಿದ್ರು. 2000ದ ನಂತರ ಒಂದೊಂದೇ ರಿಸೆಪ್ಟರ್‌ಗೆ ಗುರ್ತು ಹಚ್ಚಿ ನೋಡಾಕತ್ತಿದ ಮ್ಯಾಲೆ ಗೊತ್ತಾಗಿದ್ದು, ಅವು ಕೋಶದ ಪೊರಿ ಮ್ಯಾಲೆ ಅಡ್ಡಾಡ್ತಿರ್ತಾವ, ಸಿನಾಪ್ಸ್‌ಗೆ ಬಂದ್ರ ಜೆಫಿರಿನ್ ಅನ್ನೋ ಪ್ರೋಟೀನು ಹಿಡಿದು ನಿಲ್ಲಿಸ್ತದ, ಬಿಟ್ರ ಮತ್ತ ಜಾರ್ತಾವ, ಕೆಲವನ್ನ ಕೋಶ ಒಳಗ ಎಳ್ಕೊಂಡು ಮತ್ತ ಹೊರಗ ಕಳಸ್ತದ, ಕೆಲವನ್ನ ಅಲ್ಲೇ ಅರಗಿಸಿಬಿಡ್ತದ. ಎಷ್ಟು ರಿಸೆಪ್ಟರ್ ಅದಾವ ಅನ್ನೋದು ಗಳಿಗಿ ಗಳಿಗಿಗೆ ಬದಲಾಗೋ ಲೆಕ್ಕ.

ಈಗ ದಿನಾ ಸಂಜಿಕೆ ಪೌಡರ್ ಬಿದ್ರ ಕೋಶ ಏನು ಮಾಡ್ಬೇಕು? ರಿಸೆಪ್ಟರ್‌ಗೆ ಔಷಧಿ ಹತ್ತೋದು ಕಮ್ಮಿ ಆಗ್ತದ, ತುಂಡುಗಳೇ ಬದಲಾಗ್ತಾವ, ಅಲ್ಫಾ-1 ಅನ್ನೋ ತುಂಡು ಇದ್ದ ಕಡೆ ಡಯಾಜೆಪಾಮ್‌ಗೆ ಜಗ್ಗಲಾರದ ಅಲ್ಫಾ-4 ಬರ್ಬಹುದು. ಇದರ ಜೋಡಿ ಇನ್ನೊಂದು ಬದಿ. 1998ರಾಗ ಅಮೆರಿಕದ ವಿಜ್ಞಾನಿ ಜೀನಾ ಟುರ್ರಿಜಿಯಾನೋ ಅವರ ತಂಡ ತಟ್ಟೆಯೊಳಗ ಬೆಳೆಸಿದ ನರಕೋಶಗಳ ಚಟುವಟಿಕಿ ಎರಡು ದಿನ ಅಡಗಿಸಿ ನೋಡಿದಾಗ, ಅವು ಗ್ಲುಟಾಮೇಟ್ ಅನ್ನೋ ಎಬ್ಬಿಸೋ ಸಂದೇಶಕ್ಕ ತಮ್ಮ ಸಿನಾಪ್ಸ್ ತಾವೇ ಚುರುಕು ಮಾಡ್ಕೊಂಡಿದ್ವು. ಅಂದ್ರ ಬ್ರೇಕ್ ಸಡ್ಲ, ಎಕ್ಸಲರೇಟರ್ ಬಿಗಿ, ನಡುವ ಪೌಡರ್ ಒಂದೇ ಹಿಡಿದು ನಿಲ್ಸಿರೋದು. ಅದನ್ನ ಒಮ್ಮೆಲೆ ಕಸ್ಕೊಂಡ್ರ ಫಿಟ್ಸ್ ಬರದೇ ಇನ್ನೇನು ಬರ್ತದ್ರಿ. ಇನ್ನೂ ಕೆಟ್ಟದ್ದು, ಫಿಟ್ಸ್ ನಿಲ್ಲದೇ ನಡೆದ್ರ ಉಳಿದ ಗಾಬಾ ರಿಸೆಪ್ಟರ್‌ಗಳೂ ಸಿನಾಪ್ಸ್ ಬಿಟ್ಟು ಒಳಗ ಹೋಗ್ತಾವ, ಹಂಗಾಗಿ ತಡ ಆದಷ್ಟು ಇಂಜೆಕ್ಷನ್ನೂ ಕೇಳೋದಿಲ್ಲ. ದೇವದುರ್ಗ ಕಡೀ ತಾಂಡಾದಿಂದ ಗಾಡಿ ಹುಡುಕಿ ದೊಡ್ಡ ದವಾಖಾನಿ ಮುಟ್ಟೋ ಹೊತ್ತು ಲೆಕ್ಕ ಹಾಕ್ರಿ.

2015ರಾಗ ತೆಲಂಗಾಣದಾಗ ಕಲಬೆರಕಿ ಕಳ್ಳಿನ ಮ್ಯಾಲೆ ಬಿಗಿ ಮಾಡಿದಾಗ ನಿಜಾಮಾಬಾದ್, ಮೆಹಬೂಬ್‌ನಗರ ಕಡೆ ದವಾಖಾನಿಗಳು ಇಂಥ ಮಂದಿಯಿಂದ ತುಂಬಿದ್ವು. ರೇಡ್ ಮಾಡಬಾರ್ದು ಅಂತ ಯಾರೂ ಹೇಳಲ್ಲ, ಆದ್ರ ರೇಡ್ ದಿನಾನೇ ಆ ಊರಿನ ಆರೋಗ್ಯ ಕೇಂದ್ರದಾಗ ಮಾತ್ರಿ, ಡಾಕ್ಟರು ರೆಡಿ ಇರೋದು ದೊಡ್ಡ ಮಾತೇನಲ್ಲ. ನಿಮ್ಹಾನ್ಸ್‌ನವ್ರು 1980ರ ದಶಕದಾಗೇ ಬಳ್ಳಾರಿ ಜಿಲ್ಲಾದಾಗ ಪಿಎಚ್‌ಸಿ ಡಾಕ್ಟರ್‌ಗಳಿಗೆ ಮನೋರೋಗ ಚಿಕಿತ್ಸಿ ಕಲಿಸಿದ್ರು, ಅದೇ ಬಳ್ಳಾರಿ ಮಾದರಿ ಹಿಡ್ಕೊಂಡು 1996ರಾಗ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಸುರು ಆತು. ಬಾಜೂ ಜಿಲ್ಲಾದ ಪಾಠ ನಮಗ ಹೊಸದಾಗಿ ಕಲಿಯೋ ಗರಜಿಲ್ಲ.

ಚಿಕಿತ್ಸಿನೂ ವಿಚಿತ್ರ ಅನಿಸ್ತದ: ಅದೇ ಜಾತಿ ಔಷಧಿ, ಬಾಳ ಹೊತ್ತು ನಿಲ್ಲೋ ಡಯಾಜೆಪಾಮ್ ಥರದ್ದು, ಡಾಕ್ಟರ್ ಕಣ್ಣಳತಿನಾಗ ಕೊಟ್ಟು ಮೆಲ್ಲಕ ಇಳಿಸ್ತಾರ, ರಿಸೆಪ್ಟರ್‌ಗಳು ಮೊದ್ಲಿನಂಗ ಆಗಾಕ ಟೈಮ್ ಸಿಗ್ಲಿ ಅಂತ. ಮನ್ಯಾಗ ಮತ್ತ ಸೇಂದಿ ಕುಡಿಸೋದು ಇದಕ್ಕ ಸಮ ಅಲ್ಲ, ಆ ಪಾಕೀಟಿನಾಗ ಯಾವುದು ಎಷ್ಟು ಅದ ಅಂತ ಮಾರಿದವ್ನಿಗೂ ಗೊತ್ತಿರಲ್ಲ. ದವಾಖಾನಿಗೆ ಹೋದಾಗ ಬರೇ "ಕುಡೀತಾನ್ರಿ" ಅಂದ್ರ ಬ್ರಾಂದಿ ವಿಸ್ಕಿ ಅನ್ಕೊಳ್ತಾರ. ಪೌಡರ್ ಸೇಂದಿ ಅಂತ, ಕಡೀಕ ಯಾವತ್ತು ಕುಡಿದ ಅಂತ ಬಿಡಿಸಿ ಹೇಳ್ರಿ. ಅಲ್ಪ್ರಜೋಲಾಮ್ ಇದ್ರ ಒಂದೆರಡು ದಿನದಾಗೇ ನಡುಕ ಸುರು ಆಗ್ತದ, ಡಯಾಜೆಪಾಮ್ ಇದ್ರ ವಾರ ಆದ ಮ್ಯಾಲೂ ಬರ್ಬಹುದು.